ಸುಮ್ಮನೆ ಬಂದಿದ್ದೆ

ಕರಜಗಿಯಲ್ಲಿ ಯಾರ ಮನೆಗೂ ಸುಮ್ಮನೆ ಹೋಗುವ ಹಾಗಿಲ್ಲ. ಯಾರೂ ಬೇಡ ಅನ್ನುವುದಿಲ್ಲ; ಹೊಸ್ತಿಲ ಮುಂದೆ ನಿಂತು ಕೆಮ್ಮಿದರೆ ಸಾಕು, ಒಳಗಿನಿಂದ ‘ಬರ್ರಿ’ ಅನ್ನುವುದೂ ಒಲೆಯ ಮೇಲೆ ಚಾದ ನೀರು ಏರುವುದೂ ಒಟ್ಟಿಗೇ ಆಗುತ್ತವೆ. ಆದರೆ ಎರಡು ಗುಟುಕು ಇಳಿಯುವುದರೊಳಗೆ ಬಂದ ಕಾರಣ ಹೇಳಬೇಕು. ‘ಏನಿಲ್ರಿ, ಸುಮ್ಮ ಬಂದಿದ್ದೆ’ ಅಂದಿರೋ, ಯಜಮಾನನ ಹುಬ್ಬು ಕೂಡಿಕೊಳ್ಳುತ್ತವೆ. ಸುಮ್ಮನೆ ಬಂದವನು ಸಾಲ ಕೇಳಲು ಬಂದಿರಬೇಕು, ಇಲ್ಲವೆ ಕೊಟ್ಟ ಸಾಲ ನೆನಪಿಸಲು. ಜಾತ್ರೆಯ ಪಟ್ಟಿ ಎತ್ತಲು, ಪಂಚಾಯತಿ ಇಲೆಕ್ಷನ್ನಿನ ಮಾತು ತೆಗೆಯಲು, ಎಲ್‌ಐಸಿ ಪಾಲಿಸಿ ಕಟ್ಟಲು, ಯಾರದೋ ಮಗಳಿಗೆ ಯಾರದೋ ಮಗನನ್ನು ಗಂಟು ಹಾಕಲು. ಇವು ಯಾವುದೂ ಅಲ್ಲ ಎಂದು ಖಾತ್ರಿಯಾದ ಮೇಲೆ ಉಳಿಯುವುದು ಒಂದೇ ಪ್ರಶ್ನೆ: ‘ಯಾರರ ಹೋದರೇನು?’

ಇಂಥ ಊರಿನಲ್ಲಿ ನಾವು ಕೆಲವರು, ಒಂಟಿಯಾಗಿರುವ ಹಿರಿಯರನ್ನು ಮಾತಾಡಿಸಿ ಬರುವ ಕೆಲಸ ಹಚ್ಚಿಕೊಂಡಿದ್ದೇವೆ. ಸಂಘ ಅನ್ನುವಷ್ಟು ದೊಡ್ಡದಲ್ಲ. ರಜಿಸ್ಟರ್ ಆಗಿಲ್ಲ, ಶಿಕ್ಕಾ ಇಲ್ಲ, ಲೆಟರ್‌ಹೆಡ್ ಇಲ್ಲ. ಹೆಸರಿಡಲು ಕರೆದ ಸಭೆ ಎರಡು ಹೆಸರುಗಳ ಜಗಳದಲ್ಲಿ ಬರಖಾಸ್ತಾಯಿತು. ನಾನು ಕನ್ನಡ ಶಾಲೆಯಿಂದ ನಿವೃತ್ತನಾದ ಮಾಸ್ತರ. ಇನ್ನೊಬ್ಬರು ಆಯುಷ್ಯವೆಲ್ಲ ಟಪಾಲು ಹಂಚಿದ ಕಾಕಾ. ಮೂರನೆಯವಳು ಆಶಾ ಕೆಲಸದ ತಾಯಿ. ನಿಜವಾದ ಕೆಲಸ ಅವಳದು, ಮಾತು ನಮ್ಮಿಬ್ಬರದು. ಯಾವ ಮನೆಯಲ್ಲಿ ಯಾರು ಎರಡು ದಿನದಿಂದ ಬಾಗಿಲ ಮುಂದೆ ನೀರು ಹೊಡೆದಿಲ್ಲ ಎನ್ನುವುದು ಅವಳಿಗೆ ಗೊತ್ತಿರುತ್ತದೆ.

ಕರಜಗಿ ಎಂದರೆ ಯಾವ ಕರಜಗಿ ಎಂದು ಹೇಳಿಬಿಡುವುದು ಒಳ್ಳೆಯದು. ಹಾವೇರಿ ಹತ್ತಿರ ಒಂದಿದೆ, ಅದಕ್ಕೆ ರೈಲು ಸ್ಟೇಶನ್ನಿನ ಭಾಗ್ಯವೂ ಉಂಟು. ಅಫಜಲಪುರ ತಾಲೂಕಿನಲ್ಲಿ ಇನ್ನೊಂದು, ಜತ್ತ ತಾಲೂಕಿನಲ್ಲಿ ಮತ್ತೊಂದು. ನಮ್ಮದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕಿನದು. ತಾಲೂಕಿನ ದಕ್ಷಿಣಕ್ಕೆ ಭೀಮಾ ಹೊಳೆ, ದಾಟಿದರೆ ಕರ್ನಾಟಕ. ಮನೆಯಲ್ಲಿ ಕನ್ನಡ, ತಲಾಠಿಯ ಮುಂದೆ ಮರಾಠಿ, ದೇವರ ಮುಂದೆ ಎರಡೂ. ಹಾವೇರಿಯ ಕರಜಗಿಗೆ ಹೋಗಬೇಕಾದ ಲಗ್ನಪತ್ರಿಕೆಯೊಂದು ಒಮ್ಮೆ ಇಲ್ಲಿಗೆ ಬಂದು, ಇಲ್ಲಿಯ ಅದೇ ಹೆಸರಿನವರು ಆ ಮದುವೆಗೆ ಹೋಗಿ ಆಯೇರಿ ಮಾಡಿ ಉಂಡೂ ಬಂದರು ಎಂದು ಟಪಾಲಿನ ಕಾಕಾ ಹೇಳುತ್ತಾರೆ. ನಾನು ನಂಬಿಲ್ಲ. ಆದರೆ ಹೇಳಿದಾಗಲೆಲ್ಲ ಕೇಳುತ್ತೇನೆ. ಈ ಕೆಲಸಕ್ಕೆ ಸೇರುವವರಿಗೆ ಅಷ್ಟು ರೂಢಿ ಇರಲೇಬೇಕು.

ಊರಲ್ಲಿ ಮಂದಿ ಇಲ್ಲವೆಂದಲ್ಲ. ಕಟ್ಟೆಯ ಮೇಲೆ ಮಂದಿ, ಚಾದಂಗಡಿಯಲ್ಲಿ ಮಂದಿ. ಆದರೆ ಮನೆಯ ಹುಡುಗರು ಪುಣೆಯಲ್ಲಿದ್ದಾರೆ. ಪಿಂಪರಿ-ಚಿಂಚವಾಡ, ಚಾಕಣ, ಹಡಪಸರ ಎಂಬ ಹೆಸರುಗಳು ನಮ್ಮ ಆಯಿಗಳ ಬಾಯಲ್ಲಿ ಪಕ್ಕದ ಹಳ್ಳಿಗಳ ಹೆಸರಿನಷ್ಟು ಸಲೀಸು. ಸೋಲಾಪುರದಿಂದ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದ ಹುಡುಗ ಸಂಕ್ರಮಣಕ್ಕೆ, ಸಿದ್ಧರಾಮೇಶ್ವರನ ನಂದಿಕೋಲು ನೋಡಲು ಬರುತ್ತಾನೆ. ಆಮೇಲೆ ನಾಗರಪಂಚಮಿಗೆ, ರಜೆ ಸಿಕ್ಕರೆ. ಅವನ ಮಕ್ಕಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ಕಲಿತವು. ವಿಡಿಯೋ ಕಾಲ್ ಬರುತ್ತದೆ. ‘ಆಜೀ, ಜೇವಲೀಸ ಕಾ?’ ಎಂದು ಮೊಮ್ಮಗ ಮರಾಠಿಯಲ್ಲಿ ಊಟ ವಿಚಾರಿಸುತ್ತಾನೆ. ಫೋನು ಬಂದರೆ ಕಿವಿಗೆ ಹಿಡಿಯಬೇಕು ಎಂದು ಆಯಿಗೆ ಗೊತ್ತು, ಹಾಗೇ ಹಿಡಿಯುತ್ತಾಳೆ. ಮೊಮ್ಮಗನಿಗೆ ಕಾಣುವುದು ಆಯಿಯ ಕಿವಿ, ಬುಗುಡಿ, ಅದರ ಹಿಂದೆ ಜಂತಿ. ‘ಹೂಂ’ ಅಂದು ಆಯಿ ಫೋನು ಕೆಳಗಿಡುತ್ತಾಳೆ. ಅವಳ ದಿನದ ಮಾತು ಅಲ್ಲಿಗೆ ತೀರಿತು.

ಇದೆಲ್ಲ ನಮ್ಮ ಊರಿನ ವಿಶೇಷವೇನಲ್ಲ. ಬೇರೆ ದೇಶಗಳಲ್ಲಿ ಇದನ್ನು ನಮಗಿಂತ ಮೊದಲೇ ಕಂಡು, ನಮಗಿಂತ ಶಿಸ್ತಾಗಿ ಕೈ ಹಾಕಿದ್ದಾರೆ. ಇಂಗ್ಲೆಂಡಿನಲ್ಲಿ 1965ರಷ್ಟು ಹಿಂದೆಯೇ ಒಂಟಿ ಮುದುಕರನ್ನು ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಗೆ ಚಹಾಕ್ಕೆ ಕರೆದೊಯ್ಯುವ ಸಂಸ್ಥೆ ಹುಟ್ಟಿತು. 2013ರಲ್ಲಿ ಎಸ್ತರ್ ರಾಂಟ್ಸನ್ ಎಂಬ ಟಿವಿಯ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಮನೆ ತನ್ನನ್ನು ತಿನ್ನುತ್ತಿದೆ ಎಂಬುದನ್ನು ಮುಚ್ಚಿಡದೆ ಬರೆದು, ಹಗಲು ರಾತ್ರಿ ಯಾವಾಗ ಬೇಕಾದರೂ ಹಿರಿಯರು ಫೋನ್ ಮಾಡಬಹುದಾದ ‘ಸಿಲ್ವರ್ ಲೈನ್’ ತೆರೆದಳು. 2018ರಲ್ಲಿ ಅಲ್ಲಿಯ ಸರ್ಕಾರ ಒಂಟಿತನದ ಖಾತೆಯನ್ನು ಒಬ್ಬ ಮಂತ್ರಿಗೆ ವಹಿಸಿತು. 2021ರಲ್ಲಿ ಜಪಾನೂ ಅದೇ ಮಾಡಿತು. ಇದನ್ನು ಕಟ್ಟೆಯ ಮೇಲೆ ಹೇಳಿದಾಗ ಒಬ್ಬ ಮುತ್ಯಾ ಬಹಳ ಹೊತ್ತು ವಿಚಾರ ಮಾಡಿ, ‘ಹಿಂದಿನ ಇಲೆಕ್ಷನ್‌ದಾಗ ಬಿದ್ದಾವಗ ಆ ಖಾತೆ ಕೊಟ್ಟಿರಬೇಕ. ಬಿದ್ದ ಮರುದಿವಸ ಮನೀ ಮುಂದ ಒಂದ ಗಾಡಿ ನಿಂದ್ರಂಗಿಲ್ಲ, ಅವಗ ಗೊತ್ತಿರ್ತದ’ ಎಂದ.

ಟಪಾಲಿನ ಕಾಕಾಗೆ ಹಿಡಿಸಿದ್ದು ಫ್ರಾನ್ಸಿನ ಸುದ್ದಿ. ಅಲ್ಲಿ 2017ರಿಂದ ಅಂಚೆ ಇಲಾಖೆಯೇ ಒಂದು ಸೇವೆ ನಡೆಸುತ್ತಿದೆ: ದೂರದಲ್ಲಿರುವ ಮಕ್ಕಳು ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟಿದರೆ, ಪೋಸ್ಟ್‌ಮನ್ ಅವರ ತಂದೆತಾಯಿಯ ಮನೆಗೆ ಹೋಗಿ ಕೂತು ನಾಲ್ಕು ಮಾತಾಡಿ, ಹೇಗಿದ್ದಾರೆ ಎಂದು ಮಕ್ಕಳಿಗೆ ವರದಿ ಕಳಿಸುತ್ತಾನೆ. ಕಾಕಾ ಕನ್ನಡಕ ತೆಗೆದರು. ‘ನಾ ಮನಿಆರ್ಡರ್ ಕೊಟ್ಟು, ಕಾಗದ ಓದಿ ಹೇಳಿ, ತಿರುಗಿ ಉತ್ತರ ಬರದು, ಅವರು ಅತ್ತರ ಸಮಾಧಾನ ಮಾಡಿ ಬರ್ತಿದ್ದೆ. ಹಂಗಾದ್ರ ನನ್ನ ಬಾಕಿ ಎಷ್ಟ ಆತು ಲೆಕ್ಕಾ ಮಾಡ್ರಿ ಮಾಸ್ತರ.’ ನಾನು ಲೆಕ್ಕ ಮಾಡಲಿಲ್ಲ. ಕಾಗದ ಓದುವಾಗ ಕೆಟ್ಟ ಸುದ್ದಿಯ ಸಾಲುಗಳನ್ನು ಕಾಕಾ ಹಾರಿಸುತ್ತಿದ್ದರು, ಮಗ ಬರೆಯದ ‘ನಿನ್ನ ನೆನಪು ಬಹಳ ಆಗ್ತದ’ ಎಂಬ ಸಾಲು ಸೇರಿಸುತ್ತಿದ್ದರು ಎಂದು ಊರಿಗೆಲ್ಲ ಗೊತ್ತಿದೆ. ಆ ಸಾಲಿನ ಬಿಲ್ಲು ಯಾರಿಗೆ ಕಳಿಸುವುದು?

ನಮ್ಮ ಕಡೆಯೂ ಪ್ರಯತ್ನಗಳಿಲ್ಲದಿಲ್ಲ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಪೊಲೀಸರೊಡನೆ ಸೇರಿ 2002ರಲ್ಲಿ ಹಿರಿಯರಿಗಾಗಿ 1090 ಸಹಾಯವಾಣಿ ಶುರುಮಾಡಿತು. ಮುಂಬಯಿಯಲ್ಲಿ 2022ರಲ್ಲಿ ಶಂತನು ನಾಯ್ಡು ಎಂಬ ತರುಣ, ರತನ್ ಟಾಟಾ ಅವರ ಬಂಡವಾಳದ ಬೆಂಬಲದಿಂದ ‘ಗುಡ್‌ಫೆಲೋಸ್’ ತೆರೆದ. ಓದು ಮುಗಿಸಿದ ಹುಡುಗ ಹುಡುಗಿಯರು ಅಜ್ಜ ಅಜ್ಜಿಯರ ಮನೆಗೆ ಹೋಗಿ ಕೇರಂ ಆಡುವುದು, ಸಿನೆಮಾ ನೋಡುವುದು, ಕೈ ಹಿಡಿದು ತಿರುಗಾಡಿಸುವುದೇ ಅಲ್ಲಿ ನೌಕರಿ. ಮಹಾರಾಷ್ಟ್ರದ ಪಟ್ಟಣಗಳಲ್ಲಿ ಜ್ಯೇಷ್ಠ ನಾಗರಿಕ ಸಂಘಗಳಿವೆ, ಅವಕ್ಕೆ ಫೆಸ್ಕಾಮ್ ಎಂಬ ಒಕ್ಕೂಟವಿದೆ, ಮುದುಕರು ಕೂತು ಪೇಪರ್ ಓದುವ ‘ವಿರಂಗುಳಾ ಕೇಂದ್ರ’ಗಳಿವೆ. ಸೋಲಾಪುರದ ನನ್ನ ಗೆಳೆಯರೊಬ್ಬರು ಬೆಳಿಗ್ಗೆ ಅಲ್ಲಿಗೆ ಹೋಗಿ ನಗುವ ವ್ಯಾಯಾಮ ಮಾಡಿ ಬರುತ್ತಾರೆ. ಮನೆಗೆ ಬಂದ ಮೇಲೆ ನಗುವುದನ್ನು ಯಾರೂ ನೋಡಿಲ್ಲ.

ಇಂಗ್ಲೆಂಡಿನ ಇಂಥ ಸಂಸ್ಥೆಗಳಲ್ಲಿ ಭೇಟಿಗೆ ಹೋಗುವವರಿಗೆ ನಿಯಮಗಳಿರುತ್ತವೆ. ವಾರಕ್ಕೊಂದು ತಾಸು. ಉಡುಗೊರೆ ತೆಗೆದುಕೊಳ್ಳಬಾರದು. ರೊಕ್ಕದ ವ್ಯವಹಾರಕ್ಕೆ ಕೈ ಹಾಕಬಾರದು. ನಿಮ್ಮ ಸ್ವಂತ ತಾಪತ್ರಯ ಹೇಳಿಕೊಂಡು ಅವರ ತಲೆ ತಿನ್ನಬಾರದು. ಎಲ್ಲವೂ ಯೋಗ್ಯವಾದ ನಿಯಮಗಳು. ಕರಜಗಿಯಲ್ಲಿ ಅವನ್ನು ಪಾಲಿಸಿದರೆ ಎರಡನೆಯ ಸಲ ಯಾರೂ ಬಾಗಿಲು ತೆರೆಯುವುದಿಲ್ಲ. ಬರಿಗೈಯಲ್ಲಿ ಕಳಿಸುವುದು ಇಲ್ಲಿ ಮನೆತನಕ್ಕೆ ಕಮ್ಮಿ. ಎರಡು ನುಗ್ಗೆಕಾಯಿ, ಒಂದು ಕಟಿರೊಟ್ಟಿ, ಕಾಗದದಲ್ಲಿ ಕಟ್ಟಿದ ಶೇಂಗಾ ಚಟ್ನಿ ಜೋಳಿಗೆಗೆ ಬೀಳಲೇಬೇಕು. ಇನ್ನು ಸ್ವಂತ ತಾಪತ್ರಯ: ಆಯಿ ಮೊದಲು ಕೇಳುವುದೇ ಅದನ್ನು. ‘ನಿನ್ನ ಸಣ್ಣ ಮಗಳ ಲಗ್ನ ಯಾಕ ನಿಂತದ?’ ಇದಕ್ಕೆ ನಾನು ಮೈಬಿಚ್ಚಿ ಉತ್ತರ ಕೊಡದಿದ್ದರೆ ಅವಳೇಕೆ ತನ್ನ ಮೊಣಕಾಲಿನ ವಿಷಯ ಹೇಳಿಯಾಳು? ಮೂರನೆಯ ಮನೆಗೆ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಐದು ಕಪ್ಪು ಚಾ, ಊರಲ್ಲಿ ನನ್ನ ಮಗಳ ಲಗ್ನದ ಪೂರ್ತಿ ವರದಿ.

ಮೊದಮೊದಲು ನಮಗೆ ಒಂಟಿಯಾದವರೇ ಸಿಗಲಿಲ್ಲ. ಅಗಸಿಯ ಹತ್ತಿರದ ಆಯಿಯೊಬ್ಬಳ ಮನೆಗೆ ಹೋದರೆ, ‘ನನಗೇನ ಕಮ್ಮಿ ಆಗೇದ ಮಾಸ್ತರ? ಮಗ ತಿಂಗಳಾ ರೊಕ್ಕ ಹಾಕ್ತಾನ, ಮನ್ಯಾಗ ಟಿವಿ ಅದ. ಮಠದ ಹಿಂದಿನ ಮುದುಕಿನ್ನ ಹೋಗಿ ನೋಡ್ರಿ ಪಾಪ, ಒಂದ ಮಾತಾಡ್ಸಾವ್ರಿಲ್ಲ’ ಎಂದಳು. ಮಠದ ಹಿಂದಿನ ಮುದುಕಿ ನಮ್ಮನ್ನು ಕೂಡಿಸಿ, ಬೆಲ್ಲದ ಚಾ ಕೊಟ್ಟು, ‘ನನ್ನದೇನ ಬಿಡ್ರಿ, ದೇವರು ಛಲೋ ಇಟ್ಟಾನ. ಅಗಸಿ ಕಡಿ ಮುದುಕಿದು ಖರೇ ಹಾಲ ನೋಡ್ರಿ’ ಎಂದಳು. ಇಬ್ಬರೂ ಒಬ್ಬರಿಗೊಬ್ಬರು ಮರುಗುತ್ತ ವರ್ಷಗಳಿಂದ ಇನ್ನೂರು ಹೆಜ್ಜೆ ದೂರದಲ್ಲಿದ್ದರು. ಮರುಗಿ ಸುಮ್ಮನೆ ಕೂಡಲಿಲ್ಲ, ನಮ್ಮ ಕೈಯಲ್ಲಿ ಪದಾರ್ಥ ಕಳಿಸತೊಡಗಿದರು. ಈಕೆಯಿಂದ ಶೇಂಗಾ ಚಟ್ನಿ ಹೋಯಿತು, ಆಕೆಯಿಂದ ಅಗಸಿ ಹಿಂಡಿ ಬಂತು. ಟಪಾಲಿನ ಕಾಕಾಗೆ ಹಳೆಯ ನೌಕರಿ ಮರಳಿ ಸಿಕ್ಕಿತು. ಒಂದು ದಿನ ಚಟ್ನಿಯ ಗಂಟು ಬಿಚ್ಚಿ ರುಚಿ ನೋಡಿದ ಮಠದ ಆಯಿ, ‘ಶೇಂಗಾ ಹಸೀ ಉಳಿದಾವ. ಆಕಿಗಿ ಹುರೀಲಾಕ ಬರಂಗಿಲ್ಲ’ ಎಂದು ತೀರ್ಪು ಕೊಟ್ಟು, ಕೋಲು ಹಿಡಿದು, ಹುರಿಯುವುದನ್ನು ಕಲಿಸಲು ತಾನೇ ಹೊರಟಳು.

ಅಂದಿನಿಂದ ಮಧ್ಯಾಹ್ನ ಇಬ್ಬರದೂ ಕೂಡುಬೈಠಕ್ಕು. ಕೆಲವು ದಿನ. ಆಮೇಲೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂಬಲ್ಲಿ ಶುರುವಾದ ಮಾತು, ಒಬ್ಬಳ ತವರುಮನೆಯವರು ಇನ್ನೊಬ್ಬಳ ಮದುವೆಯಲ್ಲಿ ಸರಿಯಾಗಿ ಬಡಿಸಲಿಲ್ಲ ಎಂಬಲ್ಲಿಗೆ ಹೋಗಿ ಮುಟ್ಟಿತು. ಮಾತು ಬಂದ್. ಆಶಾ ತಾಯಿ ಗಾಬರಿಯಾದಳು. ನಾನು ಗಮನಿಸಿದ್ದು ಬೇರೆ: ಆ ದಿನಗಳಲ್ಲಿ ಇಬ್ಬರಿಗೂ ಮೊಣಕಾಲು ನೋವಿರಲಿಲ್ಲ, ಹಸಿವೆ ಚೆನ್ನಾಗಿತ್ತು, ನಾವು ಹೋದರೆ ಬಾಗಿಲಲ್ಲೇ ಕಾಯುತ್ತಿದ್ದರು, ‘ಆಕಿ ಏನಂದ್ಲು?’ ಎಂದು. ಜಗಳಕ್ಕೂ ಜೊತೆ ಬೇಕು. ಇಂಗ್ಲೆಂಡಿನ ನಿಯಮಗಳಲ್ಲಿ ಈ ಉಪಾಯ ಬರೆದಿರಲಾರರು.

ಗಂಡಸರ ವಿಷಯ ಬೇರೆ. ಅವರಿಗೆ ಮಾತಾಡಲು ಒಂದು ವಿಷಯವಿದ್ದರೆ ಸಾಕು, ಕೇಳುವವನು ಯಾರಾದರೂ ನಡೆದೀತು. ನಮ್ಮ ಸೀಮೆಯಲ್ಲಿ ಆ ವಿಷಯ 1972ರ ಬರ. ಎಪ್ಪತ್ತು ದಾಟಿದ ಯಾರ ಮುಂದೆ ಕೂತರೂ ಮಾತಿಗೆ ಎರಡೇ ಹಾದಿ. ಎರಡೂ ಆ ಬರಕ್ಕೇ ಹೋಗಿ ಸೇರುತ್ತವೆ. ಬಾವಿ ಬತ್ತಿ, ದನ ಮಾರಿ, ಊರಿಗೆ ಊರೇ ರಸ್ತೆಯ ಕೆಲಸಕ್ಕೆ ಹೋಗಿ ಖಡಿ ಒಡೆದದ್ದು. ಕೆಲಸದ ಜಾಗದಲ್ಲಿ ಹಂಚಿದ ಸುಕಡಿ ಎಂಬ ಪುಡಿಯ ರುಚಿ. ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಟ್ಟಿದರೆ ಹರಿಯುತ್ತಿದ್ದದ್ದು; ಮಾಲದಂಡಿ ಜೋಳ ಉಂಡು ಬೆಳೆದವರಿಗೆ ಅದು ಗಂಟಲಲ್ಲಿ ಇಳಿಯದೆ ಹೋದದ್ದು. ಆ ಕಾಲದಲ್ಲೇ ಮಹಾರಾಷ್ಟ್ರ ಸರ್ಕಾರ ಕೈಗೆತ್ತಿಕೊಂಡ ರೋಜಗಾರ ಹಮಿ ಯೋಜನೆ 1977ರಲ್ಲಿ ಕಾಯಿದೆಯಾಯಿತು; ಇಡೀ ದೇಶಕ್ಕೆ ಉದ್ಯೋಗ ಖಾತ್ರಿ ಬಂದದ್ದು ಅದರ ಬೆನ್ನ ಹಿಂದೆ. ‘ದಿಲ್ಲಿಯವರು ಕಲ್ತದ್ದು ನಮ್ಮ ಖಡಿ ನೋಡಿ’ ಎನ್ನುವಾಗ ಮುತ್ಯಾನ ಬೆನ್ನು ನೆಟ್ಟಗಾಗುತ್ತದೆ.

ಈ ಕತೆಯಲ್ಲಿ ಒಂದು ತೊಡಕಿದೆ. ಎಲ್ಲರದೂ ಒಂದೇ ಕತೆ, ಆದರೆ ಎಲ್ಲರ ಕತೆಯಲ್ಲೂ ಅತಿ ಹೆಚ್ಚು ಖಡಿ ಒಡೆದವನು ತಾನೇ. ಒಬ್ಬ ಮುತ್ಯಾನ ಹತ್ತಿರ ಇದು ಮೂರು ತಾಸಿನ ಪ್ರಯೋಗ, ನಡುವೆ ಬಿಡುವಿಲ್ಲ. ಪಾರಾಗಲು ನಾವು ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ: ನಾನು ಒಳಗೆ ಹೋದ ಒಂದು ತಾಸಿಗೆ ಟಪಾಲಿನ ಕಾಕಾ ಹೊರಗಿನಿಂದ ‘ಮಾಸ್ತರ, ಮನ್ಯಾಗ ಕರೀಲಾಕತ್ತಾರ’ ಎಂದು ಕೂಗಬೇಕು. ಒಂದು ಸಲ ಕಾಕಾ ಕೂಗಲಿಲ್ಲ. ಹೊರಗೆ ಬಂದು ನೋಡಿದರೆ ಕಿಟಕಿಯ ಕೆಳಗೆ ಕೂತು ಕಿವಿಗೊಟ್ಟಿದ್ದಾರೆ. ‘ಇವತ್ತ ಸುಕಡಿ ಕದ್ದ ಭಾಗ ಹೊಸಾದು ಇತ್ತರಿ’ ಎಂದರು.

ಇಷ್ಟೆಲ್ಲ ಮಾಡುವ ನಮಗಿಂತ ದೊಡ್ಡ ಸೇವೆ ಒಂದಿದೆ, ಅದು ತನ್ನನ್ನು ಹಾಗೆಂದು ಕರೆದುಕೊಂಡಿಲ್ಲ: ಕೆಂಪು ಎಸ್‌ಟಿ ಬಸ್ಸು. 2022ರ ಆಗಸ್ಟಿನಿಂದ ಮಹಾರಾಷ್ಟ್ರದಲ್ಲಿ 75 ದಾಟಿದವರಿಗೆ ಎಸ್‌ಟಿ ಪುಕ್ಕಟೆ. 2023ರ ಮಾರ್ಚಿನಿಂದ ಹೆಂಗಸರಿಗೆಲ್ಲ ಅರ್ಧ ತಿಕೀಟು. ಆ ಮೇಲೆ ನಮ್ಮ ಮುತ್ಯಾಗಳಿಗೆ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಮೇಲೆ ಭಕ್ತಿ ಉಕ್ಕಿದೆ. ಬೆಳಗಿನ ಬಸ್ಸು ಹತ್ತುವುದು, ವಟವೃಕ್ಷದ ದರ್ಶನ, 1988ರಿಂದ ನಡೆದುಬಂದ ಅನ್ನಛತ್ರದಲ್ಲಿ ಪ್ರಸಾದ, ನೆರಳಲ್ಲಿ ಬೇರೆ ಊರಿನ ಮುದುಕರ ಜೊತೆ ಎಲೆ-ಅಡಿಕೆ, ಸಂಜೆಯ ಬಸ್ಸಿಗೆ ವಾಪಸು. ಸೀಟು, ಊಟ, ದೇವರು, ಮಾತು, ನಾಲ್ಕೂ ಧರ್ಮಾರ್ಥ. ‘ಇವತ್ತೂ ದರ್ಶನಕ್ಕ ಹೋಗಿದ್ರೇನ ಮುತ್ಯಾ?’ ಎಂದು ಕೇಳಿದರೆ, ‘ದರ್ಶನಕ್ಕಲ್ಲೋ, ಮೈಂದರ್ಗಿ ಮುದುಕ ನಿನ್ನೆ ಒಂದ ಮಾತ ಅರ್ಧಕ್ಕ ಬಿಟ್ಟ ಹೋಗಿದ್ದ’ ಎನ್ನುತ್ತಾನೆ.

74 ಆದವರ ಪಾಡು ಕೇಳಬಾರದು. ಮೊದಲಾದರೆ ವಯಸ್ಸು ಕಡಿಮೆ ಹೇಳುತ್ತಿದ್ದ ಊರು, ಈಗ ಒಂದು ವರ್ಷ ಕೂಡಿಸಿಕೊಡಿ ಎಂದು ನನ್ನ ಹತ್ತಿರ ಬರುತ್ತದೆ. ಯಾಕೆಂದರೆ ಇವರ ಹುಟ್ಟಿದ ದಿನ ಗೊತ್ತು ಮಾಡಿದವರು ನನ್ನಂಥ ಮಾಸ್ತರರೇ. ಅಪ್ಪ ಮಗನನ್ನು ಕೈ ಹಿಡಿದು ತಂದು ‘ಜೋಳಾ ಕೊಯ್ಯೂ ಮುಂದ ಹುಟ್ಟಿದಾವ’ ಎಂದರೆ, ಮಾಸ್ತರ ಕಿವಿ ಹಿಡಿಸಿ ನೋಡಿ, ದಾಖಲೆಯಲ್ಲಿ ಜೂನ್ 1 ಎಂದು ಬರೆಯುತ್ತಿದ್ದ. ಹೀಗಾಗಿ ಎಸ್‌ಟಿಯಲ್ಲಿ ಆಧಾರ್ ಕಾರ್ಡು ಹೊರತೆಗೆದರೆ ಅರ್ಧ ಬಸ್ಸು ಒಂದೇ ದಿನ ಹುಟ್ಟಿದ್ದು. ಹೊಳೆಯ ಆಚೆ ಕತೆ ಇನ್ನೂ ಚೆಂದ. 2023ರ ಜೂನಿನಿಂದ ಅಲ್ಲಿಯ ಹೆಂಗಸರಿಗೆ ಬಸ್ಸು ಪೂರ್ತಿ ಉಚಿತ, 75ರ ತನಕ ಕಾಯಬೇಕಾಗಿಲ್ಲ. ಅಕ್ಕಲಕೋಟ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು, ಅದು ಕಡತದಲ್ಲೇ ಉಳಿದದ್ದು ನಮ್ಮ ಕಟ್ಟೆಗೆ ಅರ್ಧ ಶತಮಾನದ ಗ್ರಾಸ. ಹೋರಾಟ, ಭಾಷೆ, ಅಭಿಮಾನ ಎಲ್ಲ ಮಾತಾಡಿ ದಣಿದ ಮೇಲೆ ಮೊನ್ನೆ ಒಬ್ಬ ಕಾಕಾ ಹೊಸ ವಾದ ಹೂಡಿದರು: ‘ಆ ವರದಿ ನಡದಿತ್ತಂದ್ರ ನಮ್ಮಾಕಿದು ಉಳದ ಅರ್ಧ ತಿಕೀಟೂ ಮಾಫ್ ಆಗ್ತಿತ್ತು.’

ವರ್ಷಕ್ಕೊಮ್ಮೆ ನಮ್ಮ ಕೆಲಸಕ್ಕೆ ಹಂಗಾಮು ಬರುತ್ತದೆ. ನವೆಂಬರ್ ಬಂತೆಂದರೆ ಪಿಂಚಣಿಯವರು ಹಯಾತಿಯ ದಾಖಲೆ ಕೊಡಬೇಕು, ಅಂದರೆ ತಾವು ಇನ್ನೂ ಬದುಕಿದ್ದೇವೆ ಎಂಬ ಸರ್ಟಿಫಿಕೇಟು. ಶ್ರಾವಣಬಾಳ ಯೋಜನೆಯ ತಿಂಗಳ 1500 ರೂಪಾಯಿಯವರಿಗೂ ವರ್ಷಕ್ಕೊಮ್ಮೆ ಇದು ತಪ್ಪಿದ್ದಲ್ಲ. ಕೇಂದ್ರ ಸರ್ಕಾರ 2014ರಲ್ಲಿ ತಂದ ‘ಜೀವನ ಪ್ರಮಾಣ’ದಲ್ಲಿ ಹೆಬ್ಬೆರಳು ಒತ್ತಿದರೆ ಸಾಕು. ಆದರೆ ಖಡಿ ಒಡೆದ, ಕಬ್ಬು ಕಡಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಮುತ್ಯಾ ಒತ್ತುತ್ತಾನೆ, ಮಶೀನು ಒಲ್ಲೆ ಅನ್ನುತ್ತದೆ. ‘ನಾ ಇದ್ದೀನಿ ಅಂದ್ರ ಇದು ಒಪ್ಪವಲ್ದು’ ಎಂದು ಆತ ನನ್ನ ಕಡೆ ನೋಡುತ್ತಾನೆ, ನಾನೇನೋ ಸಾಕ್ಷಿ ಹೇಳುವೆನೆಂಬಂತೆ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ. ನಡುವೆ ಒಮ್ಮೆ ಕಣ್ಣು ಪಿಳುಕಿಸಬೇಕು. ಆಶಾ ತಾಯಿ ಮೊಬೈಲು ಹಿಡಿದು, ‘ಮುತ್ಯಾ, ಕಣ್ಣ ಹೊಡೀರಿ’ ಎಂದಾಗ ಮುತ್ಯಾ ಎದ್ದು ನಿಂತ. ಐವತ್ತು ವರ್ಷದ ಸಂಸಾರದಲ್ಲಿ ಹೆಂಡತಿಗೇ ಕಣ್ಣು ಹೊಡೆದವನಲ್ಲವಂತೆ. ಒಳಗಿನಿಂದ ಆಯಿ, ‘ಹೊಡೀರಿ, ರೊಕ್ಕ ಬರ್ತಾವ’ ಎಂದ ಮೇಲೆ ಕೆಲಸ ಆಯಿತು.

ಈ ದಾಖಲೆಯ ಹಂಗಾಮಿನಿಂದಲೇ ನಮಗೆ ದಾರಿ ಹೊಳೆದದ್ದು. ಆ ದಿನಗಳಲ್ಲಿ ಯಾರೂ ‘ಯಾಕ ಬಂದ್ರಿ?’ ಎಂದು ಕೇಳುತ್ತಿರಲಿಲ್ಲ. ಕೈಯಲ್ಲಿ ಕಾಗದ, ಬಾಯಲ್ಲಿ ಕೆಲಸ. ಕೆಲಸ ಹತ್ತು ನಿಮಿಷ, ಮಾತು ಒಂದು ತಾಸು. ಹಾಗಾದರೆ ಉಳಿದ ತಿಂಗಳುಗಳಿಗೂ ಒಂದೊಂದು ನೆವ ಬೇಕು. ಕಾಗದ ತುಂಬಿಕೊಡುವ ನೆವವಾದರೆ ಉಪಕಾರ ನಮ್ಮದಾಗುತ್ತದೆ, ಅವರು ಕೈಮುಗಿಯುತ್ತಾರೆ, ಅದು ಯಾರಿಗೂ ಹಿತವಲ್ಲ. ಅದಕ್ಕಿಂತ ಅವರಲ್ಲಿ ಏನಾದರೂ ಬೇಡಲು ಹೋಗುವುದು ಮೇಲು. ಹೀಗಾಗಿ ನಾವು ಈಗ ಬೇಡುವವರು. ಹಗ್ಗ ಹೊಸೆದು ಕೊಡಿ ಎನ್ನುತ್ತೇವೆ. ಉತ್ತರಿ ಮಳೆಗೆ ಬಿತ್ತಬೇಕೋ ಹಸ್ತಕ್ಕೋ ಎಂದು, ಹೊಲವೇ ಇಲ್ಲದ ನಾನು ಕೇಳುತ್ತೇನೆ. ಶಾಲೆಯ ಹುಡುಗಿಯರನ್ನು ಬೀಸುವ ಪದ ಬರೆದುಕೊಂಡು ಬರಲು ಕಳಿಸುತ್ತೇವೆ. ಪದ ಅರ್ಧ ಹೇಳಿ, ‘ಉಳದದ್ದು ನಾಳೆ ಬಾ’ ಎಂದು ಆಯಿ ತಡೆಹಿಡಿಯುತ್ತಾಳೆ. ಬಹಳ ಹುಷಾರಿ ಹೆಂಗಸರು.

ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಂಡಾ ಎಂಬ ಮನೋವೈದ್ಯರು 2006ರಲ್ಲಿ ಮಾಡಿದ್ದೂ ಇದೇ ಜಾತಿಯದು. ದೇಶದಲ್ಲಿ ಮನಸ್ಸಿನ ಡಾಕ್ಟರರು ಬೆರಳೆಣಿಕೆಯಷ್ಟು, ಬಳಲುವವರು ಲಕ್ಷಾಂತರ. ಅವರು ಹರಾರೆಯ ಎಂಬಾರೆ ಬಡಾವಣೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು ಹಾಕಿಸಿದರು. ಬಂದವರು ಅಜ್ಜಿಯ ಪಕ್ಕ ಕೂತು ತಮ್ಮ ಸಂಕಟ ಹೇಳಿಕೊಳ್ಳಬೇಕು. ‘ಗೆಳೆತನದ ಬೆಂಚು’ ಎಂದು ಅದು ಜಗತ್ತಿಗೆಲ್ಲ ಹೆಸರಾಯಿತು. ಗುಣವಾಗುವವರ ಪ್ರಮಾಣ ಅಳೆದು 2016ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೂ ಪ್ರಕಟಿಸಿದರು. ನಾನು ಇದನ್ನು ಓದಿ ಹೇಳಿದಾಗ ಅಗಸಿಯ ಆಯಿ ಬಹಳ ಆಸಕ್ತಿಯಿಂದ ಕೇಳಿದಳು. ‘ಆ ಮುದಿಕ್ಯಾರಿಗಿ ಚಾ ಯಾರ ಕೊಡ್ತಾರ?’

ಎಲ್ಲ ಮನೆಯಲ್ಲೂ ನಮ್ಮ ನೆವ ನಡೆಯುವುದಿಲ್ಲ. ಸೋಲಾಪುರದ ಗಿರಣಿಯಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಊರಿಗೆ ಬಂದ ಒಬ್ಬರು ಯಾರೊಡನೆಯೂ ಮಾತಾಡುವುದಿಲ್ಲ. ಕಲಬುರಗಿ ಆಕಾಶವಾಣಿ ಹಚ್ಚಿ ಕೂಡುತ್ತಾರೆ. ನಾವು ಹೋದರೆ ರೇಡಿಯೋದ ದನಿ ಸ್ವಲ್ಪ ಏರಿಸುತ್ತಾರೆ; ಹೋಗಿ ಎಂದಲ್ಲ, ನಮಗೂ ಕೇಳಲಿ ಎಂದು. ವಾರ್ತೆ ಮುಗಿಯುವ ತನಕ ಕೂತು ಎದ್ದು ಬರುತ್ತೇವೆ.

ಮತ್ತೊಂದು ಮನೆಯ ಆಯಿ ಹೋದ ವರ್ಷ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಪುಣೆಯಿಂದ ಬಂದಿದ್ದ ಮಗ ನಮ್ಮ ಮನೆಗೆ ಬಂದ. ಕೂತ, ಚಾ ಕುಡಿದ, ಕಾರಣ ಹೇಳಲಿಲ್ಲ. ಹೊಲದ ಸಾತಬಾರಾ ಉತಾರೆಯ ವಿಷಯವಿರಬೇಕು, ಅವ್ವ ಯಾರಿಗೆ ಏನು ಬರೆದಿದ್ದಾಳೆಂದು ನಮ್ಮ ಹತ್ತಿರ ತಿಳಿಯಲು ಬಂದಿರಬೇಕು ಎಂದು ನಾನು ಮನಸ್ಸಿನಲ್ಲೇ ಹುಷಾರಾದೆ. ಬಹಳ ಹೊತ್ತಿನ ಮೇಲೆ ಕೇಳಿದ: ‘ಸರ, ನೀವು ಬಂದಾಗ ಅವ್ವ ಏನ ಮಾತಾಡ್ತಿದ್ಲು?’ ನಾನು ಹೇಳಿದೆ. ಅವಳ ತವರಿನ ಬಾವಿ, ಎಪ್ಪತ್ತೆರಡರಲ್ಲಿ ಮಾರಿದ ಎಮ್ಮೆಯ ಹೆಸರು, ಅವನು ಸಣ್ಣವನಿದ್ದಾಗ ಜಾತ್ರೆಯಲ್ಲಿ ತಪ್ಪಿಸಿಕೊಂಡದ್ದು. ಎಮ್ಮೆಗೊಂದು ಹೆಸರಿತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡ.

ಈಗ ನಮ್ಮಲ್ಲಿ ಚಾಲ್ತಿಯಲ್ಲಿರುವ ನೆವ ಕೌದಿ. ಮಠದ ಓಣಿಯ ನಾಲ್ಕೈದು ಆಯಿಗಳು ಕೂಡಿ ಹೊಲಿಯುತ್ತಾರೆ. ಜಗಳವಾಡಿದ ಇಬ್ಬರೂ ಅದರಲ್ಲಿದ್ದಾರೆ. ಒಂದೇ ಕೌದಿಯ ಎದುರುಬದುರು ಅಂಚಿಗೆ ಕೂತು, ನಡುವಿಗೆ ಬಂದಾಗ ಮಾತ್ರ ಮಾತು. ಕಣ್ಣು ಸಾಲದವರಿಗೆ ಸೂಜಿಯಲ್ಲಿ ದಾರ ಪೋಣಿಸಿ ಕೊಡಲು ಶಾಲೆ ಬಿಟ್ಟ ಹುಡುಗರು ಬರುತ್ತಾರೆ, ಪೋಣಿಸಿದ್ದಕ್ಕೆ ಒಂದು ಮುಷ್ಟಿ ಚುರಮುರಿ. ಹೊಲಿದ ಕೌದಿಗೆ ಆಯಿಗಳು ದುಡ್ಡು ಮುಟ್ಟುವುದಿಲ್ಲ, ಆದರೆ ಒಯ್ಯುವವರು ಸ್ವತಃ ಬಂದು ಕೂತು ಒಯ್ಯಬೇಕು. ಪುಣೆಗೆ ಕೊರಿಯರ್ ಮಾಡಿ ಎಂದವರಿಗೆ ಸಿಕ್ಕಿಲ್ಲ.

ಓದುಗರಲ್ಲಿ ಎರಡು ಮಾತು. ನಿಮ್ಮೂರಲ್ಲಿ ನಮ್ಮಂಥ ಕೆಲಸವಿಲ್ಲದವರು ಯಾರೂ ಇಲ್ಲದಿದ್ದರೆ, ಹಿರಿಯರಿಗಾಗಿ ಕೇಂದ್ರ ಸರ್ಕಾರದ ಎಲ್ಡರ್‌ಲೈನ್ ಇದೆ. ನಂಬರು 14567, ಬೆಳಿಗ್ಗೆ 8ರಿಂದ ರಾತ್ರಿ 8ರ ವರೆಗೆ, ಕರೆಗೆ ದುಡ್ಡಿಲ್ಲ. ಇನ್ನೊಂದು: ಕೌದಿಗೆ ಹಳೆಯ ಸೀರೆ, ಧೋತರ ಬೇಕಾಗಿವೆ. ನೂಲಿನದೇ ಇರಲಿ, ಪಾಲಿಸ್ಟರ್ ಬೇಡ. ಅದರಲ್ಲಿ ಸೂಜಿ ಇಳಿಯುವುದಿಲ್ಲವೆಂದು ಆಯಿಗಳು ನಮ್ಮನ್ನು ಬೈಯುತ್ತಾರೆ. ಕೊಡಲು ಬರುವವರು ಮಧ್ಯಾಹ್ನ ಮೂರರ ಮೇಲೆ ಬನ್ನಿ, ಮತ್ತು ಕರಜಗಿಯ ಬಸ್ಸು ಹತ್ತುವಾಗ ಅಕ್ಕಲಕೋಟ ತಾಲೂಕಿನದು ಎಂದು ಕೇಳಿ ಹತ್ತಿ.